ಒಗ್ಗರಣೆ ಯಾವುದು, ಬೆಂಕಿ ಯಾವುದು? ಮೂರು ಅಲಾರಂಗಳ ಜೊತೆ ಒಂದು ವರ್ಷ

ಹೋದ ವರ್ಷ ಒಂದು ಮಧ್ಯಾಹ್ನ ಒಲೆ ಮೇಲೆ ಬೇಳೆ ಇಟ್ಟು ಹಾಗೇ ಮಲಗಿಬಿಟ್ಟೆ. ಪಕ್ಕದ ಮನೆಯವರು ಬಾಗಿಲು ಬಡಿದಾಗಲೇ ಎಚ್ಚರ. ನೀರೆಲ್ಲ ಆರಿ ಬೇಳೆ ಕರಕಲಾಗಿತ್ತು, ಮನೆ ತುಂಬ ಹೊಗೆ. ವಾಸನೆಗಾದರೂ ಏಳಬಹುದಿತ್ತಲ್ವಾ ಅಂದಳು ಹೆಂಡತಿ. ನಿದ್ದೆಯಲ್ಲಿ ಮೂಗೂ ಮಲಗಿರುತ್ತದೆ, ಅದನ್ನು ನಂಬುವ ಹಾಗಿಲ್ಲ.

ಆಮೇಲೆ ನಮ್ಮ ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲಾಟಿಗೆ ಮೂರು ಬಗೆಯ ಬೆಂಕಿ ಅಲಾರಂ ಬಂದವು.

ಮೊದಲನೆಯದು ಭಾವ ಅಮೆರಿಕದಿಂದ ತಂದ ಅಯೊನೈಸೇಶನ್ ಅಲಾರಂ. ಒಳಗೆ ಅಮೆರಿಸಿಯಂ-241 ಅನ್ನುವ ವಿಕಿರಣ ವಸ್ತು ಕಣದಷ್ಟು ಇರುತ್ತದೆ. ಅದರಿಂದ ಒಳಗಿನ ಗಾಳಿಯಲ್ಲಿ ಸಣ್ಣಗೆ ಕರೆಂಟ್ ಹರಿಯುತ್ತಿರುತ್ತದೆ. ಹೊಗೆ ನುಗ್ಗಿದರೆ ಕರೆಂಟ್ ಇಳಿಯುತ್ತದೆ, ಅಲಾರಂ ಹೊಡೆಯುತ್ತದೆ. ಕಾಗದದ ಹಾಗೆ ಭಗ್ಗನೆ ಉರಿಯುವ ಬೆಂಕಿಗೆ ಇದು ಬಲು ಚುರುಕು. ತೊಂದರೆ ಏನೆಂದರೆ ಬ್ಯಾಡಗಿ ಮೆಣಸಿನಕಾಯಿ ಒಗ್ಗರಣೆಗೂ ಅಷ್ಟೇ ಚುರುಕು. ಕಾದ ಎಣ್ಣೆಯಿಂದ ಏಳುವ ಸಣ್ಣ ಸಣ್ಣ ಕಣಗಳೇ ಇದಕ್ಕೆ ಸಾಕು. ವಾರಕ್ಕೆ ಮೂರು ಸಲ ಅರಚಿತು. ನಾಲ್ಕನೇ ವಾರ ಅಮ್ಮ ಸ್ಟೂಲ್ ಹತ್ತಿ ಬ್ಯಾಟರಿ ಕಿತ್ತು ಸಾಸಿವೆ ಡಬ್ಬಿ ಪಕ್ಕ ಇಟ್ಟಿದ್ದರು! ಬ್ಯಾಟರಿ ಇಲ್ಲದ ಅಲಾರಂ ಗೋಡೆ ಗಡಿಯಾರಕ್ಕಿಂತ ಕಡೆ.

ಎರಡನೆಯದು ಫೋಟೋಎಲೆಕ್ಟ್ರಿಕ್. ಇದರೊಳಗೆ ಒಂದು ಬೆಳಕಿನ ಕಿರಣ ಇದೆ. ಹೊಗೆ ಬಂದರೆ ಬೆಳಕು ಚದುರಿ ಸೆನ್ಸರ್‌ಗೆ ಬಡಿಯುತ್ತದೆ. ಹಾಸಿಗೆ, ಸೋಫಾ ಒಳಗೊಳಗೇ ಹೊಗೆಯಾಡುವಾಗ ಇದೇ ಮುಂದೆ. ಹಳೇ ಪಂಚೆಯ ತುಂಡೊಂದನ್ನು ಕಬ್ಬಿಣದ ಬಕೆಟ್‌ನಲ್ಲಿ ಜ್ವಾಲೆ ಏಳದ ಹಾಗೆ ಹೊಗೆಯಾಡಿಸಿ, ಎರಡನ್ನೂ ಮೇಲೆ ಹಿಡಿದು ನೋಡಿದೆ. ಇದು ಮೊದಲು ಕೂಗಿತು. ಇನ್ನೊಂದು ನಿಧಾನಕ್ಕೆ ಯೋಚನೆ ಮಾಡುತ್ತಾ ಇತ್ತು. ಹಾಗಂತ ಇದಕ್ಕೂ ಕಾಟ ಇಲ್ಲದಿಲ್ಲ: ಸಾಂಬ್ರಾಣಿ ಹೊಗೆ, ಬಿಸಿನೀರು ಸ್ನಾನದ ಹಬೆ ಎರಡೂ ಆಗುವುದಿಲ್ಲ. ಒಂದು ರಾತ್ರಿ ಸುಮ್ನೆ ಹೊಡೆದುಕೊಂಡಿತು. ಟಾರ್ಚ್ ಬಿಟ್ಟು ನೋಡಿದರೆ ಜಾಲರಿಯೊಳಗೆ ಸಾಸಿವೆ ಗಾತ್ರದ ಜೇಡ. ಆಗಿನಿಂದ ಎರಡು ತಿಂಗಳಿಗೊಮ್ಮೆ ವ್ಯಾಕ್ಯೂಮ್ ಕ್ಲೀನರ್‌ನ ಮೆತ್ತನೆಯ ಬ್ರಷ್‌ನಿಂದ ಧೂಳು ತೆಗೆಯುತ್ತೇನೆ.

ಮೂರನೆಯದು ಶಾಖದ ಅಲಾರಂ. ಹೊಗೆಯನ್ನು ಇದು ಕೇಳುವುದೇ ಇಲ್ಲ. ನಮ್ಮದು 57 ಡಿಗ್ರಿ ದಾಟಿದರೆ ಮಾತ್ರ ಕೂಗುವಂಥದ್ದು. ಶಾಖ ಸರ್ರನೆ ಏರಿದರೆ ಕೂಗುವ ಬಗೆಯೂ ಇದೆ. ಅಡುಗೆಮನೆಗೆ ಇದಕ್ಕಿಂತ ಒಳ್ಳೆಯದು ನನಗೆ ಕಾಣಲಿಲ್ಲ. ದೋಸೆ ಸೀದರೂ, ಹಪ್ಪಳ ಕರಿದರೂ ಸುಮ್ಮನಿರುತ್ತದೆ. ಆದರೆ ಮನೆಗೆಲ್ಲ ಇದೊಂದೇ ಸಾಕು ಅಂದುಕೊಂಡರೆ ಕೆಟ್ಟಿರಿ. ನನ್ನ ಬೇಳೆ ಪ್ರಕರಣದಲ್ಲಿ ಇದು ಬಾಯಿ ಬಿಡುತ್ತಲೇ ಇರಲಿಲ್ಲ. ಮಲಗಿದವರಿಗೆ ಬೆಂಕಿಯ ಶಾಖಕ್ಕಿಂತ ಮೊದಲು ಹೊಗೆ ತಲುಪುತ್ತದೆ.

ಹಾಗಾಗಿ ಈಗ ಅಡುಗೆಮನೆಯಲ್ಲಿ ಶಾಖದ್ದು, ಬೆಡ್‌ರೂಮ್‌ಗಳ ಮುಂದಿನ ಹಾಲ್‌ನಲ್ಲಿ ಫೋಟೋಎಲೆಕ್ಟ್ರಿಕ್. ಅಯೊನೈಸೇಶನ್ನನ್ನು ಭಾವನಿಗೇ ವಾಪಸ್ ಕೊಟ್ಟೆ, ಅದನ್ನು ಬಿಚ್ಚಬಾರದು, ಕಸದ ಬುಟ್ಟಿಗೂ ಹಾಕಬಾರದು. ಉಳಿದ ಎರಡನ್ನೂ ಚಾವಣಿಗೇ ಹಾಕಿದ್ದೇನೆ, ಮೂಲೆಯಲ್ಲಿ ಅಲ್ಲ, ಫ್ಯಾನ್ ರೆಕ್ಕೆಯಿಂದ ಮೂರು ಅಡಿ ಆಚೆ. ಫ್ಯಾನ್ ಗಾಳಿ ಹೊಗೆಯನ್ನು ಪಕ್ಕಕ್ಕೆ ತಳ್ಳಿಬಿಡುತ್ತದೆ.

ಬ್ಯಾಟರಿ ವಿಷಯ. 9 ವೋಲ್ಟಿನ ಚೌಕ ಬ್ಯಾಟರಿ ಸೊರಗಿದರೆ ನಿಮಿಷಕ್ಕೊಮ್ಮೆ 'ಚಿರ್ರ್' ಅನ್ನುತ್ತದೆ. ಬೆಳಗಿನ ಜಾವದ ಚಳಿಯಲ್ಲಿ ವೋಲ್ಟೇಜ್ ಇನ್ನೂ ಇಳಿಯುವುದರಿಂದ ಹೆಚ್ಚಾಗಿ ಆಗಲೇ ಶುರು. ಅಮ್ಮ ಹಲ್ಲಿ ಲೊಚಗುಟ್ಟಿತು ಅಂತ ಎರಡು ಸಲ 'ಕೃಷ್ಣ ಕೃಷ್ಣ' ಅಂದರು. ಮೂರನೇ ಸಲಕ್ಕೆ ನನ್ನನ್ನು ಎಬ್ಬಿಸಿದರು. ಹೊಸದು ಕೊಳ್ಳುವವರು 10 ವರ್ಷದ ಲಿಥಿಯಂ ಬ್ಯಾಟರಿ ಒಳಗೇ ಕೂರಿಸಿದ್ದನ್ನು ತೆಗೆದುಕೊಳ್ಳಿ. ಹೊಗೆ ಅಲಾರಂ 10 ವರ್ಷಕ್ಕೆ ಹೇಗೂ ಬದಲಿಸಬೇಕು, ಬ್ಯಾಟರಿಯೂ ಅದರ ಜೊತೆಗೇ ಹೋಗುತ್ತದೆ. ತಯಾರಾದ ತಾರೀಕು ಹಿಂಭಾಗದಲ್ಲಿ ಇರುತ್ತದೆ, ಹಾಕುವ ಮುಂಚೆಯೇ ನೋಡಿಕೊಳ್ಳಿ.

ತಿಂಗಳ ಮೊದಲ ಭಾನುವಾರ ಪೊರಕೆ ಹಿಡಿಯಿಂದ ಟೆಸ್ಟ್ ಬಟನ್ ಒತ್ತುತ್ತೇನೆ. ಹಾಲ್‌ನಲ್ಲಿರುವುದು ದೇವರಮನೆಗೆ ಸ್ವಲ್ಪ ಹತ್ತಿರವಾಗಿದೆ. ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ ಎರಡು ಅಡಿ ಆಚೆ ಸರಿಸಬೇಕು.