ಆರ್ಮಾ, ಸ್ಕ್ವಾಡ್, ಹೆಲ್ ಲೆಟ್ ಲೂಸ್: ಮೂರರಲ್ಲೂ ಸತ್ತು ಬಂದವನ ಲೆಕ್ಕ

ತುಮಕೂರಿನ ಶಿರಾ ಗೇಟ್ ಹತ್ತಿರ ನಮ್ಮದು ಪಂಪ್‌ಸೆಟ್ ಅಂಗಡಿ. ಬೆಳಗ್ಗೆಯಿಂದ ಸಂಜೆವರೆಗೆ ಮೋಟಾರು, ಸ್ಟಾರ್ಟರು, ಕೇಬಲ್ಲು. ರಾತ್ರಿ ಊಟ ಆದಮೇಲೆ ನಾನು ಸಾಯೋಕೆ ಕೂರುತ್ತೇನೆ. ಇದು ನನ್ನ ಹೆಂಡತಿಯ ಮಾತು. "ಇವತ್ತು ಎಷ್ಟು ಸಲ ಸತ್ರಿ?" ಅಂತ ಕೇಳಿ, ಲೈಟ್ ಆರಿಸಿ ಮಲಗುತ್ತಾಳೆ.

ನಾನು ಆಡುವುದು ಮೂರು ಆಟ. ಆರ್ಮಾ 3, ಸ್ಕ್ವಾಡ್, ಹೆಲ್ ಲೆಟ್ ಲೂಸ್. ಮೂರೂ ಪಿಸಿ ಆಟ, ಮೂರೂ ಯುದ್ಧದ್ದು. ಮೂರರಲ್ಲೂ ಒಂದೆರಡು ಗುಂಡು ಬಿದ್ದರೆ ಕಥೆ ಮುಗಿಯಿತು. ಅಂಗಡಿಗೆ ಬರುವ ಹುಡುಗರು ನನ್ನ ಫೋನಿನ ವಾಲ್‌ಪೇಪರ್ ನೋಡಿ "ಅಣ್ಣಾ, ಯಾವ್ದು ತಗೊಳ್ಳೋದು?" ಅಂತ ಕೇಳುತ್ತಾರೆ. ಗಿರಾಕಿ ಕಾಯುತ್ತಿರುವಾಗ ಇದನ್ನೆಲ್ಲ ವಿವರಿಸೋಕೆ ಆಗಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನೂ ಮೊದಲು ಎಲ್ಲರ ಹಾಗೆ ಮೊಬೈಲಿನಲ್ಲಿ ಪಬ್‌ಜಿ ಆಡಿದವನೇ. 2020ರ ಸೆಪ್ಟೆಂಬರ್‌ನಲ್ಲಿ ಅದು ಬಂದ್ ಆಯಿತು. ಆ ಸಿಟ್ಟಿಗೆ ಒಂದು ಸೆಕೆಂಡ್ ಹ್ಯಾಂಡ್ ಪಿಸಿ ತಗೊಂಡೆ. ಪಬ್‌ಜಿಯ ಅಜ್ಜನ ಮನೆ ಆರ್ಮಾ ಅಂತ ಗೊತ್ತಾದದ್ದು ಆಮೇಲೆ. ಬ್ರೆಂಡನ್ ಗ್ರೀನ್ ಅನ್ನುವ ಐರ್ಲೆಂಡಿನವನು ಮೊದಲು ಆರ್ಮಾ 2ರ ಮೇಲೆ, ಆಮೇಲೆ ಆರ್ಮಾ 3ರ ಮೇಲೆ ಬ್ಯಾಟಲ್ ರಾಯಲ್ (ಕೊನೆಗೆ ಉಳಿದವನೇ ಗೆದ್ದ) ಮಾಡ್, ಅಂದರೆ ಇದ್ದ ಆಟವನ್ನೇ ಬದಲಾಯಿಸಿ ಮಾಡಿದ ಹೊಸ ಆಟ, ಕಟ್ಟಿದ. ಅದೇ ಮುಂದೆ 2017ರಲ್ಲಿ ಪಬ್‌ಜಿ ಆಯಿತು. ಹಾಗಾದರೆ ಆರ್ಮಾ ನಮಗೆ ಸುಲಭ, ಅಲ್ವಾ? ಹಾಗಂದುಕೊಂಡೇ ಕೊಂಡೆ.

ಮೊದಲ ರಾತ್ರಿ ಒಂದು ಗೋಡೆ ಹತ್ತೋಕೆ ಹೋಗಿ ಗ್ರೆನೇಡ್ ಎಸೆದೆ. ನನ್ನ ಕಾಲಿನ ಹತ್ತಿರವೇ ಬಿತ್ತು. ಈ ಆಟದಲ್ಲಿ ನಿಲ್ಲೋಕೆ, ಕೂರೋಕೆ, ಮಲಗೋಕೆ ಬೇರೆ ಬೇರೆ ಕೀ. ಆ ಮೂರರಲ್ಲೂ ಮತ್ತೆ ಎತ್ತರ ತಗ್ಗು ಮಾಡೋಕೆ ಇನ್ನೆರಡು ಕೀ. ನಕ್ಷೆಗೆ ಒಂದು, ದಿಕ್ಸೂಚಿಗೆ ಒಂದು, ಕೈಗಡಿಯಾರಕ್ಕೂ ಒಂದು. ಸ್ಟೀಮ್ ಅನ್ನುವ ಆನ್‌ಲೈನ್ ಆಟದಂಗಡಿಯಲ್ಲಿ ಕೊಂಡ ಆಟವನ್ನು 14 ದಿನದೊಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿದ್ದರೆ, ವಾಪಸ್ ಕೊಡಬಹುದು. ನಾನು ಒಂದು ಗಂಟೆ ಐವತ್ತು ನಿಮಿಷಕ್ಕೆ ಆ ಪುಟ ತೆರೆದಿದ್ದೆ. ಅಷ್ಟರಲ್ಲಿ ಯಾರೋ ರೈತರು ಫೋನ್ ಮಾಡಿದರು. ಮಾತಾಡಿ ಮುಗಿಸುವಷ್ಟರಲ್ಲಿ ಹಿಂದೆ ಓಡುತ್ತಿದ್ದ ಆಟ ಎರಡು ಗಂಟೆ ದಾಟಿತ್ತು. ಹೀಗೆ ಆರ್ಮಾ ನನ್ನ ಹತ್ತಿರವೇ ಉಳಿಯಿತು. ಪ್ರೀತಿಯಿಂದ ಅಲ್ಲ. ಎಂಟು ತಿಂಗಳು ಅದನ್ನು ತೆರೆಯಲೂ ಇಲ್ಲ.

ಈ ತರದ ಆಟದ ರುಚಿ ಹತ್ತಿದ್ದು ಹೆಲ್ ಲೆಟ್ ಲೂಸ್‌ನಿಂದ. ಎರಡನೇ ಮಹಾಯುದ್ಧದ ಆಟ. ಒಂದು ಕಡೆ 50 ಜನ, ಇನ್ನೊಂದು ಕಡೆ 50 ಜನ. ಪೂರ್ತಿ ಬಿಡುಗಡೆ ಆದದ್ದು 2021ರ ಜುಲೈನಲ್ಲಿ. ಆದರೆ ಪೂರ್ತಿ ಮುಗಿಯುವ ಮೊದಲೇ ಎಲ್ಲರಿಗೂ ಆಡೋಕೆ ಸಿಕ್ಕಿದ್ದು 2019ರ ಜೂನ್ 6ಕ್ಕೆ, ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಮಿತ್ರ ಸೈನ್ಯ ದಾಳಿ ಇಟ್ಟು ಸರಿಯಾಗಿ 75 ವರ್ಷ ತುಂಬಿದ ದಿನ.

ಇಲ್ಲಿ ಕೀಬೋರ್ಡ್ ತಲೆ ತಿನ್ನಲ್ಲ. ಬಂದೂಕು ಹಿಡಿ, ಓಡು, ಹೊಡೆ. ಆದರೆ ಯಾರಿಗೆ ಹೊಡೆಯುವುದು? ಯಾರೂ ಕಾಣಲ್ಲ. ನಾರ್ಮಂಡಿಯ ಕ್ಯಾರೆಂಟನ್ ಊರಿನ ನಕ್ಷೆಯಲ್ಲಿ ನಾನು ಮೊದಲ ಅರ್ಧ ಗಂಟೆ ಒಬ್ಬನೇ ಒಬ್ಬ ಶತ್ರುವಿನ ಮುಖ ನೋಡದೆ ಆರು ಸಲ ಸತ್ತೆ. ನಾರ್ಮಂಡಿಯ ಹೊಲಗಳ ಸುತ್ತ ಬೇಲಿ ಇರುತ್ತದೆ. ಬರೀ ಬೇಲಿ ಅಲ್ಲ, ಆಳೆತ್ತರದ ಮಣ್ಣಿನ ಬದು, ಅದರ ಮೇಲೆ ಗಿಡ. ಗುಬ್ಬಿ ಕಡೆ ಹಳೇ ತೋಟಗಳ ಸುತ್ತ ಬದುವಿನ ಮೇಲೆ ಕತ್ತಾಳೆ ಬೆಳೆಸಿರುತ್ತಾರಲ್ಲ, ಅದನ್ನೇ ಇನ್ನೂ ಎತ್ತರ ಮಾಡಿಕೊಳ್ಳಿ. ಆಚೆ ಬದಿಯಲ್ಲಿ ಇಪ್ಪತ್ತು ಜನ ಕೂತಿದ್ದರೂ ಈಚೆಯವನಿಗೆ ಗೊತ್ತಾಗಲ್ಲ. 1944ರಲ್ಲಿ ಅಮೆರಿಕದ ಸೈನಿಕರು ಈ ಬೇಲಿಗಳಲ್ಲಿ ವಾರಗಟ್ಟಲೆ ಸಿಕ್ಕಿಹಾಕಿಕೊಂಡಿದ್ದು ಯಾಕೆ ಅಂತ ನನಗೆ ಪುಸ್ತಕದಿಂದ ಅರ್ಥ ಆಗಿರಲಿಲ್ಲ. ಆರನೇ ಸಾವಿಗೆ ಅರ್ಥ ಆಯಿತು.

ನೀವು ಹೊಡೆದದ್ದು ತಾಗಿತೋ ಇಲ್ಲವೋ ಅಂತ ಪರದೆ ಮೇಲೆ ಯಾವ ಗುರುತೂ ಬರಲ್ಲ. ಬೇಲಿಯ ಒಂದು ಕಡೆ ಎಲೆ ಅಲ್ಲಾಡಿತು, ಹೊಡೆದೆ, ಅಲ್ಲಾಡುವುದು ನಿಂತಿತು. ಅಷ್ಟೇ. ಪಬ್‌ಜಿಯಿಂದ ಬಂದವನಿಗೆ ಇದು ಉಪ್ಪಿಲ್ಲದ ಊಟ. ಆದರೆ ವಾರ ಎರಡಾಗುವಷ್ಟರಲ್ಲಿ ನಾನು ಕೊಂದವರ ಲೆಕ್ಕ ಇಡುವುದನ್ನೇ ಬಿಟ್ಟಿದ್ದೆ. ಬೇರೆ ಕೆಲಸ ಸಿಕ್ಕಿತ್ತು. ಸಪೋರ್ಟ್ ಪಾತ್ರ ತಗೊಂಡು ಸಾಮಾನಿನ ಪೆಟ್ಟಿಗೆ ಹೊತ್ತು ಹೋಗಿ ಇಳಿಸುವುದು. ಅದರ ಮೇಲೆ ನಮ್ಮ ಆಫೀಸರ್ 50 ಸಪ್ಲೈ ಖರ್ಚು ಮಾಡಿ ಗ್ಯಾರಿಸನ್ ಕಟ್ಟುತ್ತಾನೆ. ಸತ್ತವರೆಲ್ಲ ಅಲ್ಲಿಂದ ಮತ್ತೆ ಹುಟ್ಟಿ ಬರುತ್ತಾರೆ. ಗ್ಯಾರಿಸನ್ ಇಲ್ಲದ ತಂಡ ಹಿಂದಿನ ಹೆಡ್‌ಕ್ವಾರ್ಟರ್ಸ್‌ನಿಂದ ಓಡಿ ಓಡಿ ಸುಸ್ತಾಗುತ್ತದೆ. ಒಂದೂ ಗುಂಡು ಹಾರಿಸದೆ ಗೆದ್ದ ರಾತ್ರಿಗಳಿವೆ. ನನಗೆ ಅದೇ ಜಾಸ್ತಿ ಖುಷಿ ಕೊಟ್ಟಿದ್ದು. ಸಾಮಾನು ಸಾಗಿಸುವುದು ನಮ್ಮ ಮನೆತನದ ಕಸುಬು ತಾನೇ.

ಇದರ ತೊಂದರೆ ಒಂದೇ, ಸಮಯ. ಒಂದು ಆಟ 90 ನಿಮಿಷದವರೆಗೂ ಎಳೆಯುತ್ತದೆ. ಒಮ್ಮೆ ಕೊನೆಯ ಐದು ನಿಮಿಷ ಇದ್ದಾಗ ಕರೆಂಟ್ ಹೋಯಿತು. ಯುಪಿಎಸ್ ಮೂರು ಸಲ ಕೂಗಿ ಕಣ್ಣು ಮುಚ್ಚಿತು. ದಿನಾ ಮೋಟಾರು, ಬ್ಯಾಟರಿ ಮಾರುವ ನಾನು ಕತ್ತಲಲ್ಲಿ ಹೆಡ್‌ಫೋನ್ ಹಾಕಿಕೊಂಡು ಹತ್ತು ನಿಮಿಷ ಹಾಗೇ ಕೂತಿದ್ದೆ.

ಸ್ಕ್ವಾಡ್‌ಗೆ ಬಂದರೆ ಅಲ್ಲಿನ ಕಷ್ಟವೇ ಬೇರೆ. ಇಲ್ಲಿ ಬಾಯಿ ಬಿಡಬೇಕು. ಬ್ಯಾಟಲ್‌ಫೀಲ್ಡ್ 2 ಅನ್ನುವ ಹಳೇ ಆಟಕ್ಕೆ ಪ್ರಾಜೆಕ್ಟ್ ರಿಯಾಲಿಟಿ ಅನ್ನುವ ಮಾಡ್ ಇತ್ತು. ಅದರಲ್ಲಿ ಕೆಲಸ ಮಾಡಿದವರು ಕಟ್ಟಿದ ಆಟ ಇದು, 2020ರಲ್ಲಿ ಪೂರ್ತಿಯಾಗಿ ಬಂತು. ಇಲ್ಲೂ 50 ಜನರ ಎದುರು 50 ಜನ, ಆದರೆ ಕಾಲ ಈಗಿನದು. ಒಂಬತ್ತು ಜನರ ಗುಂಪು, ಅದಕ್ಕೊಬ್ಬ ಲೀಡರ್. ಪಕ್ಕದಲ್ಲಿರುವವರಿಗೆ ಮಾತ್ರ ಕೇಳಿಸೋಕೆ ಒಂದು ಕೀ, ನಮ್ಮ ಗುಂಪಿಗೆ ಒಂದು ಕೀ, ಲೀಡರ್‌ಗಳು ಒಬ್ಬರಿಗೊಬ್ಬರು ಮಾತಾಡೋಕೆ ಇನ್ನೊಂದು ಕೀ. ಮೈಕ್ ಇಲ್ಲದವನನ್ನು ಕೆಲವು ಲೀಡರ್‌ಗಳು ಗುಂಪಿನಿಂದಲೇ ತೆಗೆದುಹಾಕುತ್ತಾರೆ.

ನಾನು ಆಡುವುದು ಸಿಂಗಪುರದ ಸರ್ವರ್‌ನಲ್ಲಿ. ಅಲ್ಲಿ ಎಲ್ಲಾ ದೇಶದವರು. ನನ್ನ ಇಂಗ್ಲಿಷ್ ಅಂಗಡಿಯ ಬಿಲ್ ಬರೆಯುವಷ್ಟು. ಮೊದಲ ತಿಂಗಳು ಬಾಯಿಯೇ ಬಿಡಲಿಲ್ಲ. ಒಂದು ದಿನ ನಮ್ಮ ಲೀಡರ್ ಸಡನ್ನಾಗಿ ಆಟ ಬಿಟ್ಟು ಹೋದ. ಅವನ ಪಟ್ಟ ನನ್ನ ತಲೆಗೆ ಬಂತು. ಏಳು ಜನ ನನ್ನ ಮಾತಿಗೆ ಕಾಯುತ್ತಿದ್ದಾರೆ. ಒಬ್ಬ "ಅಲ್ಲಿ! ಅಲ್ಲಿ ಇದಾನೆ!" ಅಂತ ಕಿರುಚಿದ. ಎಲ್ಲಿ?

ಆಗ ನೆನಪಾದದ್ದು ನಮ್ಮ ಅಂಗಡಿಯ ಫೋನು. ರಾತ್ರಿ ತ್ರೀ ಫೇಸ್ ಕೊಟ್ಟಾಗ ರೈತರು ಫೋನ್ ಮಾಡುತ್ತಾರೆ. "ಅಣ್ಣಾ, ಮೋಟ್ರು ಓಡ್ತಿಲ್ಲ." ಅಷ್ಟಕ್ಕೇ ಏನೂ ಗೊತ್ತಾಗಲ್ಲ. ನಾನು ಕೇಳುತ್ತೇನೆ: ಸ್ಟಾರ್ಟರ್ ಒತ್ತಿದ್ರೆ ಗುಂಯ್ ಅನ್ನತ್ತಾ, ಸುಮ್ನೆ ಇರತ್ತಾ? ಗುಂಯ್ ಅಂದು ತಿರುಗದಿದ್ದರೆ ಹೆಚ್ಚಿನಂಶ ಒಂದು ಫೇಸ್ ಇಲ್ಲ, ತಕ್ಷಣ ಆಫ್ ಮಾಡಿ ಫ್ಯೂಸ್ ನೋಡಿ ಅನ್ನುತ್ತೇನೆ. ಏನೂ ಸದ್ದಿಲ್ಲದಿದ್ದರೆ ಬೇರೆ ದಾರಿ. ಎರಡು ಪ್ರಶ್ನೆ, ಎರಡು ಉತ್ತರ, ಕೆಲಸ ಮುಗಿಯಿತು. ಅದನ್ನೇ ಇಲ್ಲಿ ಮಾಡಿದೆ. ಯಾವ ಬೇರಿಂಗ್, ಅಂದರೆ ದಿಕ್ಸೂಚಿಯಲ್ಲಿ ಎಷ್ಟು ಡಿಗ್ರಿ? ಎಷ್ಟು ದೂರ? ಮನೆಯೋ, ಮರವೋ? "40, ಇನ್ನೂರು ಮೀಟರ್, ಎರಡಂತಸ್ತಿನ ಮನೆ" ಅಂತ ಉತ್ತರ ಬಂತು. ಪರದೆಯ ಕೆಳಗಿನ ದಿಕ್ಸೂಚಿ ನೋಡಿ ಎಂಟೂ ಬಂದೂಕು ಒಂದೇ ಕಿಟಕಿಗೆ ತಿರುಗಿದವು. ಹರಕು ಇಂಗ್ಲಿಷ್ ಸಾಕು, ಲೆಕ್ಕ ಸರಿ ಇದ್ದರೆ ಆಯಿತು.

ಶೂಟಿಂಗ್ ಬಗ್ಗೆ ಒಂದು ಮಾತು. 2023ರ ಅಪ್‌ಡೇಟ್ ಆದಮೇಲೆ ಸ್ಕ್ವಾಡ್‌ನಲ್ಲಿ ಓಡಿ ಬಂದು ತಕ್ಷಣ ಗುರಿ ಇಟ್ಟರೆ ಬಂದೂಕು ಅಲ್ಲಾಡುತ್ತದೆ. ಪಕ್ಕದಲ್ಲಿ ಗುಂಡು ಹಾರಿದರೆ ಇನ್ನೂ ಜಾಸ್ತಿ. ಹಳಬರು ಇದನ್ನು ಬೈದಿದ್ದಾರೆ. ನನ್ನಂಥ ನಿಧಾನ ಕೈಯವನಿಗೆ ಇದರಿಂದ ಉಪಕಾರವೇ ಆಯಿತು. ಚುರುಕು ಕೈಯ ಹದಿನೆಂಟರ ಹುಡುಗನೂ ಈಗ ಒಂದು ಕ್ಷಣ ನಿಂತು ಉಸಿರು ತಗೊಳ್ಳಬೇಕು.

ಸ್ಕ್ವಾಡ್‌ನ ಮಜಾ ಪೂರ್ತಿ ಜೊತೆಗಾರರ ಮೇಲೆ ನಿಂತಿದೆ. ಒಳ್ಳೆಯ ಲೀಡರ್ ಸಿಕ್ಕಿದ ರಾತ್ರಿ ಇದನ್ನು ಮೀರಿಸುವ ಆಟ ಇಲ್ಲ. ಬೈಗುಳದವನು ಸಿಕ್ಕಿದರೆ ಹೆಡ್‌ಫೋನ್ ತೆಗೆದು ಮಲಗುವುದೇ ವಾಸಿ.

ಹೆಲ್ ಲೆಟ್ ಲೂಸ್ ನನಗೆ ಕಾಯುವುದನ್ನು ಕಲಿಸಿತು, ಸ್ಕ್ವಾಡ್ ಮಾತಾಡುವುದನ್ನು ಕಲಿಸಿತು. ಆಮೇಲೆ ಆರ್ಮಾ ಮತ್ತೆ ತೆರೆದೆ. ಈ ಸಲ ಅದು ಬೇರೆ ಆಟದ ಹಾಗೆ ಕಂಡಿತು.

ಆಲ್ಟಿಸ್ ಅನ್ನುವ ಅದರ ದ್ವೀಪ 270 ಚದರ ಕಿಲೋಮೀಟರ್. ಗ್ರೀಸಿನ ಲೆಮ್ನೋಸ್ ದ್ವೀಪವನ್ನು ನೋಡಿ ಮಾಡಿದ್ದು. ಆಟ ಮಾಡಿದ ಬೊಹೀಮಿಯಾ ಇಂಟರಾಕ್ಟಿವ್, ಜೆಕ್ ದೇಶದ್ದು. ಅದರ ಇಬ್ಬರು ಕೆಲಸಗಾರರನ್ನು 2012ರಲ್ಲಿ ಅದೇ ದ್ವೀಪದಲ್ಲಿ ಗೂಢಚಾರರು ಅಂತ ಹಿಡಿದು ನಾಲ್ಕು ತಿಂಗಳ ಮೇಲೆ ಜೈಲಿನಲ್ಲಿ ಇಟ್ಟಿದ್ದರು. ಜಾಮೀನು ಸಿಕ್ಕಿದ್ದು 2013ರ ಜನವರಿಯಲ್ಲಿ. ಅದೇ ಸೆಪ್ಟೆಂಬರ್‌ನಲ್ಲಿ ಆಟ ಬಂತು. ಇಷ್ಟು ಹಳೆಯ ಆಟವನ್ನು ಜನ ಇನ್ನೂ ಆಡುತ್ತಿದ್ದಾರೆ.

ಮೊದಲ ಸಲ ನನ್ನನ್ನು ಓಡಿಸಿದ್ದು ಅಲ್ಲಿನ ಕೀಗಳು. ಎರಡನೇ ಸಲ ನನ್ನನ್ನು ಹಿಡಿದು ಕೂರಿಸಿದ್ದು ಅಲ್ಲಿನ ಸದ್ದು. ರೈಫಲ್ ಗುಂಡು ಹೊರಡುವ ವೇಗ ಶಬ್ದದ ವೇಗಕ್ಕಿಂತ ಎರಡು ಪಟ್ಟಿಗೂ ಜಾಸ್ತಿ. ಹಾಗಾಗಿ ಮೊದಲು ಕಿವಿ ಪಕ್ಕ "ಚಟ್" ಅಂತ ಗುಂಡು ಹೋದ ಸದ್ದು. ಆಮೇಲೆ ದೂರದಿಂದ "ಧಪ್" ಅಂತ ಬಂದೂಕಿನ ಸದ್ದು. ಎರಡರ ನಡುವೆ ಸಂದು ಜಾಸ್ತಿ ಆದಷ್ಟೂ ಹೊಡೆದವನು ದೂರ. ಮಿಂಚು ಕಂಡು ಗುಡುಗಿಗೆ ಎಣಿಸುತ್ತಿದ್ದೆವಲ್ಲ ಚಿಕ್ಕವರಿದ್ದಾಗ, ಅದೇ ಲೆಕ್ಕ. "ಚಟ್" ಕೇಳಿ ಹೆದರಬಾರದು, "ಧಪ್" ಕೇಳಿ ತಿರುಗಬೇಕು. ಇದು ಗೊತ್ತಾದ ದಿನ ಮೊದಲ ಬಾರಿಗೆ ನನ್ನನ್ನು ಹೊಡೆಯುತ್ತಿದ್ದವನನ್ನು ಕಣ್ಣಾರೆ ಕಂಡೆ. ಒಂದು ಕಲ್ಲಿನ ಗೋಡೆ ಹಿಂದೆ ಇದ್ದ. ನಾಲ್ಕು ಗುಂಡು ಹೊಡೆದೆ, ನಾಲ್ಕೂ ಅವನ ಮುಂದೆ ಮಣ್ಣಿಗೆ ಬಿದ್ದು ಧೂಳು ಎದ್ದಿತು. ಬಂದೂಕಿನ ಗುರಿ ನೋಡುವ ಸೈಟ್ ಇನ್ನೂ ಹತ್ತಿರದ ದೂರಕ್ಕೇ ಇತ್ತು. ಪೇಜ್ ಅಪ್ ಒತ್ತಿ 400 ಮೀಟರ್‌ಗೆ ಏರಿಸಿ, ಮೌಸಿನ ಬಲ ಬಟನ್ ಹಿಡಿದು ಉಸಿರು ಕಟ್ಟಿ, ಐದನೆಯದು ಹೊಡೆದೆ. ಬಿದ್ದ. ಪರದೆ ಮೇಲೆ ಶಾಬಾಸ್ ಇಲ್ಲ, ಪಾಯಿಂಟ್ ಇಲ್ಲ. ನಾನೇ ಕುರ್ಚಿಯಿಂದ ಎದ್ದು ನೀರು ಕುಡಿದು ಬಂದೆ.

ನಮ್ಮ ದೊಡ್ಡಪ್ಪ ಮಧುಗಿರಿಯವರು. ಹವಾಲ್ದಾರ್ ಆಗಿ ರಿಟೈರ್ ಆದವರು. ಒಂದು ಶನಿವಾರ ಮನೆಗೆ ಬಂದಿದ್ದಾಗ ನನ್ನ ಹಿಂದೆ ನಿಂತು ನೋಡಿದರು. ನಾನು ಗುಡ್ಡದ ಏಣಿನ ಮೇಲೆ ಓಡುತ್ತಿದ್ದೆ.

"ಏನ್ಲಾ, ನೆತ್ತಿ ಮ್ಯಾಲೆ ಓಡ್ತೀಯ? ಹಿಂದೆ ಬರೀ ಆಕಾಶ ಐತೆ. ಅರ್ಧ ಊರಿಗೆ ಕಾಣ್ತೀಯ. ಇಳೀಲಾ ಕೆಳಕ್ಕೆ."

ಇಪ್ಪತ್ತು ಹೆಜ್ಜೆ ಇಳಿದು, ಇಳಿಜಾರಿನ ಪಕ್ಕದಲ್ಲೇ ನಡೆದೆ. ಆ ಮಿಷನ್‌ನಲ್ಲಿ ಆವತ್ತೇ ಮೊದಲ ಸಲ ಬದುಕಿ ಮುಗಿಸಿದೆ. ಮಾರನೇ ದಿನ ದೇವರಾಯನದುರ್ಗಕ್ಕೆ ಹೋಗಿದ್ದೆವು. ಕೆಳಗೆ ಗಾಡಿ ನಿಲ್ಲಿಸಿ ತಲೆ ಎತ್ತಿದರೆ, ಬಂಡೆ ತುದಿಯಲ್ಲಿ ಸೆಲ್ಫಿ ತೆಗೆಯುತ್ತಿದ್ದವರು ಒಬ್ಬೊಬ್ಬರೂ ಕಪ್ಪು ಕಡ್ಡಿಯ ಹಾಗೆ ಎದ್ದು ಕಾಣುತ್ತಿದ್ದರು. ಸ್ವಲ್ಪ ಕೆಳಗೆ ಬಂಡೆಗೆ ಒರಗಿ ಕೂತಿದ್ದವರು ಅಲ್ಲಾಡಿದಾಗ ಮಾತ್ರ ಕಂಡರು. ದೊಡ್ಡಪ್ಪ ಏನೂ ಹೇಳಲಿಲ್ಲ, ಬರೀ ಗಲ್ಲ ಎತ್ತಿ ತೋರಿಸಿದರು.

ಅವರಿಗೆ ಆಟ ಪೂರ್ತಿ ಒಪ್ಪಿಗೆ ಆಯಿತು ಅಂದುಕೊಳ್ಳಬೇಡಿ. "ಕಾಲು ನೋಯಲ್ಲ, ಶೂ ಒದ್ದೆ ಆಗಲ್ಲ, ರಜಾ ಕೇಳೋಂಗಿಲ್ಲ. ಇದ್ಯಾವ ಸೇನೆ?" ಅಂದರು. ಸರಿಯೇ. ನಿಜದ ಹಾಗಿದೆ ಅಂತ ಮೂರೂ ಆಟದವರು ಹೇಳಿಕೊಳ್ಳುತ್ತಾರೆ. ಅದು ಗುಂಡು, ಸದ್ದು, ದೂರದ ಮಟ್ಟಿಗೆ ಮಾತ್ರ.

ಆರ್ಮಾದ ಕೆಟ್ಟದ್ದೂ ಹೇಳಬೇಕು. ಎಐ ಡ್ರೈವರ್, ಅಂದರೆ ಕಂಪ್ಯೂಟರೇ ನಡೆಸುವ ಡ್ರೈವರ್, ಸೇತುವೆ ಕಂಡರೆ ಕಂಗಾಲಾಗುತ್ತಾನೆ. ಒಮ್ಮೆ ಖಾಲಿ ರಸ್ತೆಯಲ್ಲಿ ಇದ್ದ ಒಂದೇ ಕಂಬಕ್ಕೆ ಲಾರಿ ಗುದ್ದಿ ನಾಲ್ಕು ಜನರನ್ನು ಕೊಂದ. ದೊಡ್ಡ ಮಿಷನ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಎಷ್ಟೇ ಚೆನ್ನಾಗಿದ್ದರೂ ಪ್ರೊಸೆಸರ್ ಏದುಸಿರು ಬಿಡುತ್ತದೆ. ಆದರೆ ಇದರಲ್ಲಿ ಅಪರಿಚಿತರ ಹಂಗಿಲ್ಲ. ಶನಿವಾರ ರಾತ್ರಿ ನಾವು ನಾಲ್ಕು ಜನ ಗೆಳೆಯರು ಕೂರುತ್ತೇವೆ, ರೇಡಿಯೋದಲ್ಲಿ ಪೂರ್ತಿ ಕನ್ನಡ. ಏಸ್ ಅನ್ನುವ ಮಾಡ್ ಹಾಕಿಕೊಂಡಿದ್ದೇವೆ. ಗಾಯ ಆದರೆ ಯಾವ ಕೈ, ಯಾವ ಕಾಲು ಅಂತ ನೋಡಿ ಪಟ್ಟಿ ಬಿಗಿಯಬೇಕು. "ಎಡಗಾಲು ಕಣೋ, ಬಲಗಾಲಿಗೆ ಯಾಕೋ ಕಟ್ತಿದೀಯ" ಅನ್ನುವ ಜಗಳದಲ್ಲೇ ಒಬ್ಬ ಸತ್ತಿದ್ದಾನೆ.

ಹಾಗಾದರೆ ಯಾವುದು? ಪಬ್‌ಜಿ ಬಿಟ್ಟು ನೇರ ಬರುವವರು ಹೆಲ್ ಲೆಟ್ ಲೂಸ್ ತಗೊಳ್ಳಿ. ಕೈ ಬೇಗ ಕೂರುತ್ತದೆ, ಮೈಕ್ ಇಲ್ಲದಿದ್ದರೂ ಸಾಮಾನು ಹೊತ್ತು ಮರ್ಯಾದೆ ಉಳಿಸಿಕೊಳ್ಳಬಹುದು. ಅಪರಿಚಿತರ ಜೊತೆ ಮಾತಾಡೋಕೆ ಸಂಕೋಚ ಇಲ್ಲದವರಿಗೆ ಸ್ಕ್ವಾಡ್. ಒಂದು ಗಂಟೆಯೂ ಬಿಡುವಿಲ್ಲದವರು ಎರಡನ್ನೂ ಬಿಡಿ. ಇನ್ಸರ್ಜೆನ್ಸಿ ಸ್ಯಾಂಡ್‌ಸ್ಟಾರ್ಮ್ ಅಂತ ಒಂದಿದೆ, ಎಂಟು ಜನ ಸೇರಿ ಕಂಪ್ಯೂಟರ್ ಎದುರು ಆಡಬಹುದು, ಊಟಕ್ಕೆ ಮುಂಚೆ ಒಂದು ಸುತ್ತು ಮುಗಿಯುತ್ತದೆ.

ನನಗೆ ಒಂದೇ ಇಟ್ಟುಕೋ ಅಂದರೆ ಆರ್ಮಾ. ನೀವೂ ಅದನ್ನೇ ತಗೊಂಡರೆ ಮೊದಲ ದಿನ ಮಲ್ಟಿಪ್ಲೇಯರ್ ಕಡೆ ತಲೆ ಹಾಕಬೇಡಿ, ಕ್ಯಾಂಪೇನೂ (ಒಬ್ಬರೇ ಆಡುವ ಕಥೆ) ಬೇಡ. ನಮ್ಮದೇ ಮಿಷನ್ ಕಟ್ಟಿಕೊಳ್ಳುವ ಎಡಿಟರ್ ತೆರೆಯಿರಿ. ಆಲ್ಟಿಸ್‌ನ ಯಾವುದಾದರೂ ಹೊಲದಲ್ಲಿ ಒಬ್ಬ ಸೈನಿಕನನ್ನು ಇಡಿ, ಅದು ನೀವು. 300 ಮೀಟರ್ ಆಚೆ ಒಂದು ಗುರಿಹಲಗೆ ಇಡಿ. ಸೈಟ್ ಏರಿಸುತ್ತಾ ಇಳಿಸುತ್ತಾ ಮಲಗಿ, ಕೂತು, ನಿಂತು ಹೊಡೆಯಿರಿ. ಆಮೇಲೆ ಒಂದು ಸಲ ಅರ್ಧ ಕಿಲೋಮೀಟರ್ ಓಡಿ ಬಂದು ಹೊಡೆದು ನೋಡಿ. ಎರಡು ಗಂಟೆ ಆಗುವ ಮುಂಚೆ ಒಂದು ಸಲ ಗಡಿಯಾರ ನೋಡಿಕೊಳ್ಳಿ, ಫೋನ್ ಸೈಲೆಂಟ್‌ನಲ್ಲಿ ಇಡಿ.