ಬೈಟ್‌ಎ ಡಿಕೋಡಿಂಗ್: ಎಸ್ಕೇಪ್, ಹೆಕ್ಸ್, ಬೇಸ್64, ಬೈನರಿ ಓಡಿಸಿ ನೋಡಿದಾಗ

ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿ ಕಚ್ಚಾ ಬೈಟ್‌ಗಳನ್ನು ಇಡುವ ಬೈಟ್‌ಎ ಕಾಲಂನಲ್ಲಿ ಚಿತ್ರ, ಪಿಡಿಎಫ್ ಇಟ್ಟ ವೆಬ್ ಆ್ಯಪ್ ತೆವಳತೊಡಗಿದರೆ ಎಲ್ಲರೂ ಮೊದಲು ಇಂಡೆಕ್ಸನ್ನೇ ಶಂಕಿಸುತ್ತಾರೆ. ಕ್ವೆರಿಯ ಸಮಯ ಅಳೆಯುವ ಎಕ್ಸ್‌ಪ್ಲೇನ್ ಅನಲೈಜ್ ಮಾತ್ರ ಕ್ವೆರಿ ಚಕಚಕನೆ ಮುಗಿಯಿತು ಅನ್ನುತ್ತದೆ. ಕಾರಣ, ಅದು ಸಾಲುಗಳನ್ನು ಪಠ್ಯವಾಗಿಸುವುದೂ ಇಲ್ಲ, ಕ್ಲೈಂಟಿಗೆ ಕಳಿಸುವುದೂ ಇಲ್ಲ. 17ನೇ ಆವೃತ್ತಿಯಲ್ಲಿ ಬಂದ ಸೀರಿಯಲೈಜ್ ಆಯ್ಕೆ ಸೇರಿಸಿದರೆ ಪಠ್ಯವಾಗಿಸುವ ಖರ್ಚು ಕಾಣುತ್ತದೆ. ಹಳೆಯ ಆವೃತ್ತಿಯಾದರೆ ಅದೇ ಕ್ವೆರಿಯನ್ನು ಒಮ್ಮೆ ಕಾಲಂ ಸಮೇತ, ಇನ್ನೊಮ್ಮೆ ಕಾಲಂ ಜಾಗದಲ್ಲಿ ಅದರ ಬೈಟ್‌ಗಳ ಸಂಖ್ಯೆಯನ್ನಷ್ಟೇ ಕೊಡುವ ಆಕ್ಟೆಟ್_ಲೆಂತ್ ಹಾಕಿ ಓಡಿಸಿ. ಎರಡನೆಯದು ಮಾತ್ರ ಬೇಗ ಮುಗಿದರೆ ಇಂಡೆಕ್ಸ್ ನಿರಪರಾಧಿ, ತಡವಾಗುವುದು ಬೈಟ್‌ಗಳನ್ನು ಓದಿ, ಪಠ್ಯವಾಗಿಸಿ, ಸಾಗಿಸುವಲ್ಲಿ.

10 ಎಂಬಿಯ ಯಾದೃಚ್ಛಿಕ ಬೈಟ್‌ಗಳನ್ನೇ ಅಳತೆಗೆ ತೆಗೆದುಕೊಳ್ಳೋಣ. ಎಸ್ಕೇಪ್ ಎಂಬ ಹಳೆಯ ಪಠ್ಯರೂಪದಲ್ಲಿ ಅದು ಸುಮಾರು 29 ಎಂಬಿ: ಅಚ್ಚಾಗದ ಪ್ರತಿ ಬೈಟಿಗೂ ಬ್ಯಾಕ್‌ಸ್ಲ್ಯಾಶ್ ಮತ್ತು ಮೂರು ಅಂಕಿ. ಪೋಸ್ಟ್‌ಗ್ರೆಸ್ 9.0ರಿಂದ ಹೆಕ್ಸ್ (ಬೈಟಿಗೆ ಎರಡು ಅಕ್ಷರ) ಡೀಫಾಲ್ಟ್ ಆದಾಗ ಹಳೆಯ ಡ್ರೈವರ್‌ಗಳಿಗೆ ಅದು ಅರ್ಥವಾಗದೆ ಚಿತ್ರಗಳು ಕೆಟ್ಟುಹೋಗುತ್ತಿದ್ದವು. ಆಗ ಈ ರೂಪವನ್ನು ನಿರ್ಧರಿಸುವ ಬೈಟ್‌ಎ_ಔಟ್‌ಪುಟ್ ಸೆಟ್ಟಿಂಗ್ ಅನ್ನು ಎಸ್ಕೇಪ್‌ಗೆ ತಿರುಗಿಸಿದವರು ಅದನ್ನು ಮರೆತೇಬಿಡುತ್ತಾರೆ. ಶೋ ಬೈಟ್‌ಎ_ಔಟ್‌ಪುಟ್ ಎಂದು ಕೇಳಿ ನೋಡಿ. ಹೆಕ್ಸ್ ಆದರೆ 20 ಎಂಬಿ, ಡಿಕೋಡ್ ಕೂಡ ಸರಳ. ಆದರೂ ದುಪ್ಪಟ್ಟು ದುಪ್ಪಟ್ಟೇ.

ಇವೆರಡಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಅದನ್ನು ಯಾರೂ ಬೇಕೆಂದು ಆರಿಸುವುದಿಲ್ಲ: ನೋಡ್.ಜೆಎಸ್‌ನಲ್ಲಿ ಬೈಟ್‌ಗಳನ್ನು ಹಿಡಿದಿಡುವ ಬಫರ್ ಅನ್ನು ಹಾಗೇ ಜೇಸನ್‌ಗೆ ತುರುಕುವುದು. ಪ್ರತಿ ಬೈಟೂ ದಶಮಾಂಶ ಸಂಖ್ಯೆ, ಪಕ್ಕದಲ್ಲೊಂದು ಅಲ್ಪವಿರಾಮ. 10 ಎಂಬಿ ಸುಮಾರು 36 ಆಗುತ್ತದೆ! ಜಿಜಿಪ್ ಸಂಕುಚನ ಇದ್ದರೆ ನೆಟ್‌ವರ್ಕ್ ಟ್ಯಾಬ್‌ನಲ್ಲಿ ಗಾತ್ರ ಸಾಧುವಾಗಿ ಕಾಣುತ್ತದೆ, ಪಾರ್ಸ್ ಮಾಡುವ ಕೆಲಸ ಮಾತ್ರ ಅಷ್ಟೇ ಉಳಿಯುತ್ತದೆ.

ಮೂರು ಬೈಟನ್ನು ನಾಲ್ಕು ಅಕ್ಷರವಾಗಿಸುವ ಬೇಸ್64 ಸುಮಾರು 13.3 ಎಂಬಿ. ಸಣ್ಣ ಥಂಬ್‌ನೇಲ್‌ಗೆ ಅಡ್ಡಿಯಿಲ್ಲ. ಆದರೆ ಪೋಸ್ಟ್‌ಗ್ರೆಸ್‌ನ ಎನ್‌ಕೋಡ್ 76 ಅಕ್ಷರಕ್ಕೊಮ್ಮೆ ಸಾಲು ಮುರಿಯುತ್ತದೆ. ಬ್ರೌಸರ್‌ನಲ್ಲಿ ಬೇಸ್64 ಬಿಡಿಸುವ ಫಂಕ್ಷನ್ ಎಟೊಬಿ ಅದನ್ನು ನುಂಗಿಕೊಳ್ಳುತ್ತದೆ, ಜಾವಾದ ಸಾಮಾನ್ಯ ಡಿಕೋಡರ್ ತಿರಸ್ಕರಿಸುತ್ತದೆ, ಅಲ್ಲಿ ಮೈಮ್ ಡಿಕೋಡರ್ ಬೇಕು. ಎಟೊಬಿ ಕೊಡುವುದೂ ಸ್ಟ್ರಿಂಗನ್ನೇ. ಅದನ್ನು ಬೈಟಿಗೊಂದು ಫಂಕ್ಷನ್ ಕರೆದು ಅರೇ ಮಾಡುವ ಬದಲು, ಉದ್ದ ಮೊದಲೇ ಗೊತ್ತಿರುವ ಯುಇಂಟ್8ಅರೇ (ಬೈಟ್‌ಗಳ ಅರೇ) ಮಾಡಿ ಸಾದಾ ಫಾರ್ ಲೂಪ್‌ನಲ್ಲಿ ತುಂಬುವುದು ಲೇಸು.

ದೊಡ್ಡ ಕಡತಕ್ಕೆ ಪಠ್ಯವಾಗಿಸದೆ ಕಳಿಸುವ ಬೈನರಿಯೇ ಸರಿ: 10 ಎಂಬಿ 10 ಆಗಿಯೇ ಬರುತ್ತದೆ. ಪೈಥಾನ್‌ನ ಪೋಸ್ಟ್‌ಗ್ರೆಸ್ ಡ್ರೈವರ್ ಸೈಕೋಪಿಜಿ 3ರಲ್ಲಿ ಕರ್ಸರ್ ತೆರೆಯುವಾಗ ಬೈನರಿ=ಟ್ರೂ ಕೊಡಿ, ಉತ್ತರವನ್ನು ಜೇಸನ್‌ನಿಂದ ಹೊರತೆಗೆದು ಪ್ರತ್ಯೇಕ ಯುಆರ್‌ಎಲ್‌ನಲ್ಲಿ ಕಳಿಸಿ, ಬ್ರೌಸರ್‌ನಲ್ಲಿ ಅರೇಬಫರ್‌ನಿಂದ ಓದಿ. ಒಂದು ತೊಡಕಿದೆ: ಆ ಕರ್ಸರ್‌ನ ಉಳಿದ ಕಾಲಂಗಳೂ ಬೈನರಿಯಾಗುತ್ತವೆ, ಬೈನರಿ ಓದುವ ಲೋಡರ್ ಇಲ್ಲದ ಟೈಪ್ ಬರೀ ಬೈಟ್ಸ್ ಆಗಿ ಕೈಗೆ ಬರುತ್ತದೆ. ಹಾಗಾಗಿ ಆ ಕ್ವೆರಿಯಲ್ಲಿ ಕಡತದ ಕಾಲಂ ಒಂದೇ ಇರಲಿ.