ಗಾಳಿ ಪಂಪಿಗೆ ಪೂರ್ಣ ಅಂಕ, ಪಂಕ್ಚರ್ ಕಿಟ್ಟಿನ ಹಿಡಿಕೆಗೆ ಸೊನ್ನೆ

ಬೈಕಿನಲ್ಲಿ ಇಟ್ಟುಕೊಳ್ಳುವ ಬ್ಯಾಟರಿ ಗಾಳಿ ಪಂಪು, ಜೊತೆಗೆ ಟ್ಯೂಬ್‌ಲೆಸ್, ಅಂದರೆ ಒಳಗೆ ಟ್ಯೂಬು ಇಲ್ಲದ ಟೈರಿನ ಪಂಕ್ಚರ್ ಕಿಟ್. ಎರಡನ್ನೂ ಒಟ್ಟಿಗೆ ಕೊಂಡು ಎರಡು ವರ್ಷ ದಾಟಿತು. ಪಂಪಿಗೆ 2,400 ರೂಪಾಯಿ, ಕಿಟ್ಟಿಗೆ 350. ಬ್ಯಾಟರಿ ಎಷ್ಟು, ತೂಕ ಎಷ್ಟು ಎಂಬುದೆಲ್ಲ ಡಬ್ಬದ ಮೇಲೆಯೇ ಇರುತ್ತದೆ, ಇಲ್ಲಿ ಬರೆಯುವುದಿಲ್ಲ. ದುಬಾರಿ ವಸ್ತು ನಿರೀಕ್ಷೆ ಮೀರಿ ಬಾಳಿದೆ. ಅಗ್ಗದ್ದು ಚಾರ್ಮಾಡಿ ಘಾಟಿಯ ನಡುವೆ ಕೈಕೊಟ್ಟಿತು. ಬರೆಯಲು ಕೂತಿದ್ದು ಆ ಅಗ್ಗದ್ದರ ಮೇಲಿನ ಸಿಟ್ಟಿನಿಂದ. ಆದರೆ ಪಂಪು ಕೊಟ್ಟ ಸಂತೋಷವನ್ನು ಮೊದಲು ಹೇಳದಿದ್ದರೆ ಅನ್ಯಾಯವಾಗುತ್ತದೆ.

ಪಂಪು ಕೊಂಡಿದ್ದು ದಾರಿಯಲ್ಲಿ ಪಂಕ್ಚರ್ ಆದರೆ ಬೇಕಾಗುತ್ತದೆ ಎಂದು. ಹೆಚ್ಚು ಉಪಯೋಗವಾಗಿದ್ದು ಮನೆಯ ಅಂಗಳದಲ್ಲಿ. ಭಾನುವಾರ ಬೆಳಿಗ್ಗೆ ಕಾಫಿ ಕುಡಿದು, ಬೈಕು ಇನ್ನೂ ತಣ್ಣಗಿರುವಾಗ ಕೆಳಗೆ ಬರುತ್ತೇನೆ. ವಾಲ್ವಿನ ಮುಚ್ಚಳ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡು ಕೊಳವೆಯನ್ನು ತಿರುಗಿಸಿ ಕೂರಿಸಿದರೆ, ಟೈರಿನಲ್ಲಿ ಈಗ ಎಷ್ಟು ಗಾಳಿ ಇದೆ ಎಂಬ ಅಂಕಿ ಪರದೆಯ ಮೇಲೆ ಮೂಡುತ್ತದೆ. ಚೈನ್ ಕವರಿನ ಮೇಲೆ ಅಂಟಿಸಿರುವ ಚೀಟಿಯ ಪ್ರಕಾರ ನನ್ನ ಬೈಕಿಗೆ ಮುಂದೆ 25 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ಹಿಂದೆ ಒಬ್ಬನೇ ಹೋಗುವಾಗ 28, ಇಬ್ಬರಿದ್ದಾಗ 32. ಬೇಕಾದ ಅಂಕಿ ಇಟ್ಟು ಗುಂಡಿ ಒತ್ತಿದರೆ ಸಾಕು, ಅಲ್ಲಿಗೆ ಬಂದೊಡನೆ ತಾನೇ ನಿಲ್ಲುತ್ತದೆ. ಅದು ಗುರುಗುಟ್ಟುತ್ತಿರುವಷ್ಟು ಹೊತ್ತು ನಾನು ಇನ್ನೊಂದು ಚಕ್ರವನ್ನು ನಿಧಾನವಾಗಿ ತಿರುಗಿಸುತ್ತಾ ಟೈರಿನ ಮೇಲೆ ಹೆಬ್ಬೆರಳು ಆಡಿಸುತ್ತೇನೆ. ಗೆರೆಗಳಲ್ಲಿ ಸಿಕ್ಕಿಕೊಂಡ ಜಲ್ಲಿಚೂರುಗಳನ್ನು ಹಳೆಯ ಕೀಲಿಯಿಂದ ಕಿತ್ತು ಹಾಕುತ್ತೇನೆ. ಪಕ್ಕದ ಗೋಡೆಯಲ್ಲಿ ಸಣ್ಣ ಬಿರುಕು ಬಿಟ್ಟಿದೆಯೇ ಎಂದು ಬಾಗಿ ನೋಡುತ್ತೇನೆ. ಗೆರೆಯ ತಳದಲ್ಲಿ ಅಡ್ಡಲಾಗಿ ಇರುವ ಸಣ್ಣ ರಬ್ಬರ್ ದಿಬ್ಬ ಟೈರಿನ ಮೇಲ್ಮೈಗೆ ಸಮವಾಯಿತೆಂದರೆ ಆ ಟೈರಿನ ಕಾಲ ಮುಗಿಯಿತು. ದ್ವಿಚಕ್ರ ವಾಹನಕ್ಕೆ ಕಾನೂನು ಹೇಳುವ ಗೆರೆಯ ಕನಿಷ್ಠ ಆಳ 0.8 ಮಿಲಿಮೀಟರ್. ಮಲೆನಾಡಿನ ಮಳೆಯಲ್ಲಿ ಓಡಿಸುವ ನಾನು ಅಲ್ಲಿಯವರೆಗೆ ಕಾಯುವವನಲ್ಲ.

ತಣ್ಣಗಿರುವಾಗಲೇ ಅಳೆಯಬೇಕು ಎಂದು ಚೀಟಿಯಲ್ಲಿ ಏಕೆ ಬರೆದಿದ್ದಾರೆ ಎಂಬುದು ಪಂಪು ಬಂದ ಮೇಲೆ ಕಣ್ಣಿಗೆ ಕಂಡಿತು. ಪೆಟ್ರೋಲ್ ಬಂಕು ಮನೆಯಿಂದ ದೂರ. ಅಲ್ಲಿಗೆ ತಲುಪುವಷ್ಟರಲ್ಲಿ ಟೈರು ಬಿಸಿಯಾಗಿ ಒತ್ತಡ ಎರಡು ಮೂರು ಪಿಎಸ್‌ಐ ಏರಿರುತ್ತದೆ. ಬಂಕಿನವರು 32 ಎಂದು ಹೊಡೆದು ಕಳಿಸಿದ ಟೈರು ಮರುದಿನ ಬೆಳಿಗ್ಗೆ 29 ತೋರಿಸುತ್ತಿತ್ತು. ಗಾಳಿ ಕಡಿಮೆಯಿರುವ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಮಡಚುತ್ತದೆ, ಮಡಚಿದಷ್ಟೂ ಕಾಯುತ್ತದೆ. ಹೆದ್ದಾರಿಯಲ್ಲಿ ಟೈರು ಸಿಡಿಯುವುದಕ್ಕೆ ಬಹಳ ಸಲ ಈ ಕಾವೇ ಕಾರಣ. ಚಳಿಗಾಲದಲ್ಲಂತೂ ಉಷ್ಣಾಂಶ ಆರು ಡಿಗ್ರಿ ಇಳಿದರೆ ಸುಮಾರು ಒಂದು ಪಿಎಸ್‌ಐ ತಾನಾಗಿಯೇ ಇಳಿಯುತ್ತದೆ.

ಒಮ್ಮೆ ಹಿಂದಿನ ಚಕ್ರ ಒಂದೇ ವಾರದಲ್ಲಿ ನಾಲ್ಕು ಪಿಎಸ್‌ಐ ಇಳಿದಿತ್ತು. ಮುಂದಿನದು ಇದ್ದಲ್ಲೇ ಇತ್ತು. ಹೆಬ್ಬೆರಳಿಗೆ ಗುಂಡುಸೂಜಿ ತಲೆಯಷ್ಟು ಚಿಕ್ಕ ಲೋಹ ತಗುಲಿತು. ಚಪ್ಪಟೆಯಾಗುವ ಮೊದಲೇ ಬೀದಿಯ ಕೊನೆಯ ಪಂಕ್ಚರ್ ಅಂಗಡಿಗೆ ನಿಧಾನವಾಗಿ ಹೋಗಿ ಸರಿ ಮಾಡಿಸಿಕೊಂಡು ಬಂದೆ. ಈ ಒಂದು ಉಪಯೋಗಕ್ಕೇ ಕೊಟ್ಟ ಹಣ ಸಾರ್ಥಕ.

ಇನ್ನು ಕಿಟ್ಟಿನ ವಿಷಯ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತಿದ್ದೆವು, ಹಿಂದೆ ಹೆಂಡತಿ ಕೂತಿದ್ದಳು. "ರೀ, ಹಿಂದಿನ ಚಕ್ರ ಯಾಕೋ ಆಡುತ್ತಿದೆ, ನಿಲ್ಲಿಸಿ" ಎಂದಳು. ನನಗೂ ಅದೇ ಹೊತ್ತಿಗೆ ಬೈಕಿನ ಹಿಂಭಾಗ ತೂಗಾಡಿದ್ದು ಗೊತ್ತಾಯಿತು. ಇಂತಹ ಗಳಿಗೆಯಲ್ಲಿ ಕೈಕಾಲು ಬ್ರೇಕಿನ ಕಡೆಗೆ ಓಡುತ್ತವೆ, ಅದನ್ನು ತಡೆಯಬೇಕು. ಆಕ್ಸಿಲರೇಟರ್ ನಿಧಾನವಾಗಿ ಬಿಟ್ಟು, ಹ್ಯಾಂಡಲನ್ನು ನೇರವಾಗಿ ಹಿಡಿದು ವೇಗ ತಾನಾಗಿ ಕುಗ್ಗಲು ಬಿಡಬೇಕು. ಗಾಳಿ ಹೋದ ಚಕ್ರದ ಬ್ರೇಕನ್ನು ಬಲವಾಗಿ ಒತ್ತಿದರೆ ಟೈರಿನ ಅಂಚು ರಿಮ್ಮಿನಿಂದ ಕಳಚಿಕೊಳ್ಳುವ ಅಪಾಯವಿದೆ. ಆದ್ದರಿಂದ ಹಿಂದಿನದು ಹೋದರೆ ಮುಂದಿನ ಬ್ರೇಕು, ಮುಂದಿನದು ಹೋದರೆ ಹಿಂದಿನ ಬ್ರೇಕು, ಅದೂ ಹಗುರವಾಗಿ. ಟ್ಯೂಬ್‌ಲೆಸ್ ಟೈರಿನಲ್ಲಿ ಮೊಳೆ ಸಿಕ್ಕಿಕೊಂಡೇ ಇದ್ದರೆ ಗಾಳಿ ನಿಧಾನವಾಗಿ ಸೋರುತ್ತದೆ, ಯೋಚಿಸಲು ಸಮಯ ಸಿಗುತ್ತದೆ. ತಿರುವು ಕಳೆದು ರಸ್ತೆ ಅಗಲವಾದ ಕಡೆ ಎಡಕ್ಕೆ ನಿಲ್ಲಿಸಿದೆ.

ಮುರಿದ ಸ್ಕ್ರೂ ಒಂದು ಟೈರಿನ ನಡುಮಧ್ಯದಲ್ಲೇ ಹೊಕ್ಕಿತ್ತು. ಪಕ್ಕದ ಗೋಡೆಗೆ ಹೊಕ್ಕಿದ್ದರೆ ಕಿಟ್ಟಿನಿಂದ ಪ್ರಯೋಜನವಿರಲಿಲ್ಲ, ಅಲ್ಲಿಗೆ ಹಾಕಿದ ರಿಪೇರಿ ನಿಲ್ಲುವುದಿಲ್ಲ. ಮೊದಲು ಅಂಟಿನ ರಬ್ಬರ್ ಸ್ಟ್ರಿಪ್ಪನ್ನು ಸೂಜಿಯ ಕಣ್ಣಿಗೆ ಪೋಣಿಸಿ ಸಿದ್ಧವಾಗಿಟ್ಟುಕೊಂಡೆ. ಸ್ಕ್ರೂ ಕಿತ್ತ ಮೇಲೆ ಉಳಿದ ಗಾಳಿಯೂ ಹೋಗುತ್ತದೆ. ರೀಮರನ್ನು, ಅಂದರೆ ಅರದಂತೆ ಮೈ ಒರಟಾದ ಉಪಕರಣವನ್ನು, ರಂಧ್ರಕ್ಕೆ ತೂರಿಸಿ ಮೇಲೆ ಕೆಳಗೆ ಉಜ್ಜಬೇಕು. ಟೈರಿನೊಳಗಿನ ನೈಲಾನ್ ಎಳೆಗಳು ಅದನ್ನು ಗಟ್ಟಿಯಾಗಿ ಕಚ್ಚಿ ಹಿಡಿಯುತ್ತವೆ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಬಲ ಬೇಕಾಗುವುದು ಇಲ್ಲಿ, ನಂತರ ಸ್ಟ್ರಿಪ್ಪಿನ ಸೂಜಿಯನ್ನು ಒತ್ತುವಾಗ. ಮಂಡಿಯೂರಿ ಮೈಭಾರ ಹಾಕಿ ಸೂಜಿಯನ್ನು ಒತ್ತಿದೆ. ಟಿ ಆಕಾರದ ಪ್ಲಾಸ್ಟಿಕ್ ಹಿಡಿಕೆ ನಡುವೆ ಸೀಳಿತು. ಉಕ್ಕಿನ ಕಡ್ಡಿ ಅದರೊಳಗೇ ಗಿರಗಿರನೆ ತಿರುಗತೊಡಗಿತು, ಅದರ ಹಿಂದಿನ ತುದಿ ಅಂಗೈಗೆ ಚುಚ್ಚಿತು.

ಉಜಿರೆ ಕಡೆಯಿಂದ ಏರಿ ಬರುತ್ತಿದ್ದ ಪಿಕಪ್ ಚಾಲಕರೊಬ್ಬರು ನಿಲ್ಲಿಸಿದರು. ಮುರಿದ ಹಿಡಿಕೆಯನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದು ಆಗುವ ಹೋಗುವ ಸಾಮಾನಲ್ಲ ಮಾರಾಯ್ರೆ, ತಾಳಿ" ಎಂದು ಸೀಟಿನ ಕೆಳಗಿನಿಂದ ಗ್ರಿಪ್ ಪ್ಲೈಯರ್ (ಬಿಗಿದು ಹಿಡಿಯುವ ಇಕ್ಕಳ) ತಂದರು. ಕಡ್ಡಿಯನ್ನು ಅದರಲ್ಲಿ ಬಿಗಿದು ಇಬ್ಬರೂ ಸೇರಿ ಒತ್ತಿದಾಗ ಸ್ಟ್ರಿಪ್ ಒಳಗೆ ಹೋಯಿತು. ಎರಡು ತುದಿಗಳು ಬೆರಳುಗುರಿನಷ್ಟು ಹೊರಗುಳಿಯುವಂತೆ ಬಿಟ್ಟು ಸೂಜಿಯನ್ನು ರಪ್ಪನೆ ಎಳೆದೆ. ನಂತರ ಪಂಪು ಹಚ್ಚಿದರೆ ಪೂರ್ತಿ ಖಾಲಿಯಾಗಿದ್ದ ಟೈರು ಐದು ನಿಮಿಷದೊಳಗೆ 32ಕ್ಕೆ ಬಂತು. ಬಾಟಲಿಯ ನೀರು ಸುರಿದು ನೋಡಿದೆ, ಗುಳ್ಳೆ ಏಳಲಿಲ್ಲ. ಅವರು ಚಹಾಕ್ಕೂ ಹಣ ತೆಗೆದುಕೊಳ್ಳಲಿಲ್ಲ.

ಕಿಟ್ ಮಾರಿದವರಿಗೆ ಮುರಿದ ಹಿಡಿಕೆಯ ಚಿತ್ರ ಕಳಿಸಿದೆ. ಬಳಸುವಾಗ ಮುರಿದದ್ದಕ್ಕೆ ವಾರಂಟಿ ಇಲ್ಲ ಎಂಬ ಉತ್ತರ ಬಂತು. ಬಳಸುವಾಗ ಅಲ್ಲದೆ ಇನ್ಯಾವಾಗ ಮುರಿಯಬೇಕು? ಅತ್ಯಂತ ಬಲ ಬೀಳುವ ಜಾಗದಲ್ಲೇ ಹತ್ತಿಪ್ಪತ್ತು ರೂಪಾಯಿ ಉಳಿಸಿದ್ದಾರೆ. ಮೊಬೈಲ್ ಸಿಗ್ನಲ್ಲೂ ಸರಿಯಾಗಿ ಸಿಗದ ಘಾಟಿಯಲ್ಲಿ, ಕತ್ತಲಾಗುವ ಹೊತ್ತಿಗೆ, ಜೊತೆಗೆ ಮನೆಯವರಿದ್ದಾಗ ಇದು ಮುರಿದರೆ ಏನಾಗುತ್ತದೆ ಎಂದು ಅವರು ಯೋಚಿಸಿಯೇ ಇಲ್ಲ. ನಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಪಂಕ್ಚರ್ ಅಂಗಡಿಯವರು ಕೊಳ್ಳುವಂತಹ, ಹಿಡಿಕೆಯೂ ಉಕ್ಕಿನದೇ ಆದ ರೀಮರ್ ಮತ್ತು ಸೂಜಿಯನ್ನು 450 ರೂಪಾಯಿಗೆ ತಂದಿದ್ದೇನೆ. ಕೈಯಲ್ಲಿ ಹಿಡಿದರೇ ವ್ಯತ್ಯಾಸ ತಿಳಿಯುತ್ತದೆ. ಹಳೆಯ ಕಿಟ್ಟಿನಿಂದ ಉಳಿಸಿಕೊಂಡದ್ದು ಸ್ಟ್ರಿಪ್ಪುಗಳನ್ನು ಮಾತ್ರ. ಅವು ಒಳ್ಳೆಯವೇ, ಆದರೆ ಪೊಟ್ಟಣ ಒಡೆದ ಮೇಲೆ ಒಣಗಿ ಅಂಟು ಕಳೆದುಕೊಳ್ಳುತ್ತವೆ. ಪ್ರತಿ ಮಳೆಗಾಲಕ್ಕೆ ಮೊದಲು ಹೊಸದು ಇಟ್ಟುಕೊಳ್ಳುತ್ತೇನೆ.

ಪಂಪಿನಲ್ಲೂ ಕೊರತೆಗಳಿವೆ. ಕೊಳವೆ ಬಿಚ್ಚುವಾಗ ಒಂದಿಷ್ಟು ಗಾಳಿ ಉಸ್ಸೆಂದು ಹೋಗುತ್ತದೆ, ಹಾಗಾಗಿ ಒಂದು ಪಿಎಸ್‌ಐ ಹೆಚ್ಚು ಹೊಡೆಯುತ್ತೇನೆ. ಪೂರ್ತಿ ಟೈರು ತುಂಬಿಸಿದ ಮೇಲೆ ಹಿತ್ತಾಳೆಯ ತುದಿ ಮುಟ್ಟಲಾಗದಷ್ಟು ಕಾದಿರುತ್ತದೆ, ಬಟ್ಟೆ ಬೇಕು. ತಿಂಗಳಿಗೊಮ್ಮೆ ಚಾರ್ಜು ಮಾಡಲೇಬೇಕು. ಇವುಗಳೊಂದಿಗೆ ಬದುಕಬಹುದು.

ಉಜಿರೆಯಲ್ಲಿ ಅದೇ ಸಂಜೆ ಟೈರು ಬಿಚ್ಚಿಸಿ ಒಳಗಿನಿಂದ ಪ್ಯಾಚ್ ಹಾಕಿಸಿದೆ. ಸ್ಟ್ರಿಪ್ ಇರುವುದು ನಮ್ಮನ್ನು ಪಂಕ್ಚರ್ ಅಂಗಡಿಯವರೆಗೆ ಮುಟ್ಟಿಸುವುದಕ್ಕೆ ಮಾತ್ರ, ಅದರ ಮೇಲೆ ಹೆದ್ದಾರಿ ವೇಗದಲ್ಲಿ ಇಬ್ಬರು ಹೋಗುವುದು ನನಗೆ ಒಪ್ಪಿಗೆಯಿಲ್ಲ. ಕಡ್ಡಿ (ಸ್ಪೋಕ್) ಚಕ್ರ, ಒಳಗೆ ಟ್ಯೂಬು ಇರುವ ಬೈಕಿನವರು ಪಂಪನ್ನು ಖಂಡಿತ ಕೊಳ್ಳಲಿ, ಕಿಟ್ ಬೇಡ. ಅವರಿಗೆ ಬೇಕಾದದ್ದು ಹೆಚ್ಚುವರಿ ಟ್ಯೂಬು, ಟೈರು ಬಿಚ್ಚುವ ಎರಡು ಲಿವರು ಮತ್ತು ಚಕ್ರ ಕಳಚಲು ಸರಿಯಾದ ಅಳತೆಯ ಸ್ಪ್ಯಾನರು.